ಕಣ್ಣೆರಡು ಬಿಟ್ಟು

ಆಗ ನನಗೆ ಅರವತ್ನಾಲ್ಕು. ಈಗ್ಗೆ ನಾಲ್ಕು ವರ್ಷದ ಹಿಂದಿನ ಮಾತು. ಹೊಂಗಡಹಳ್ಳದ ಹತ್ತಿರ ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿ ನಮ್ಮ ಮನೆ. ಅಲ್ಲಿಗೆ ಹಾಸನದ ಒಂದು ಕಾಲೇಜಿನ ಫುಟ್‌ಬಾಲ್ ಕೋಚು ಬೈಕಿನಲ್ಲಿ ಬಂದ. ನನ್ನ ಮೊಮ್ಮಗಳು ಆಲೂರಿನಲ್ಲಿ ಆಡಿದ್ದನ್ನು ನೋಡಿದ್ದನಂತೆ. ಟೀಮಿನಲ್ಲಿ ಇರುವವರೆಗೆ ಫೀಸು ಬೇಡ, ಹಾಸ್ಟೆಲ್ಲಿಗೂ ಏನೂ ಕೊಡಬೇಕಾಗಿಲ್ಲ ಎಂದ. ಅವಳ ತಾಯಿ, ಅಂದರೆ ನನ್ನ ಮಗಳು, ಸತ್ತು ಹದಿನೈದು ವರ್ಷವಾಗಿತ್ತು. ಅಪ್ಪ ಇನ್ನೊಂದು ಮದುವೆಯಾಗಿದ್ದ. ಹೂಂ ಅನ್ನಬೇಕಾದವಳು ನಾನೇ.

ಕಾಗದಕ್ಕೆ ಸೈನು ಹಾಕಿದೆ. ಹೆಬ್ಬೆಟ್ಟಲ್ಲ, ಹೆಸರು. ಅಷ್ಟು ಅಕ್ಷರ ಕಲಿಸಿದವಳೂ ಈ ಮೊಮ್ಮಗಳೇ, ಅವಳು ಒಂದನೇ ಕ್ಲಾಸಿನಲ್ಲಿದ್ದಾಗ, ಅವಳ ಸ್ಲೇಟಿನಲ್ಲಿ. ನಾನು ತಪ್ಪು ಬರೆದರೆ ನಕ್ಕು, ಉಗುಳು ಹಚ್ಚಿ ಒರೆಸುತ್ತಿದ್ದಳು.

ಪೆನ್ನು ವಾಪಸು ಕೊಡುತ್ತಾ ಕೋಚಿಗೆ ಹೇಳಿದೆ: "ಕಣ್ಣೆರಡು ಬುಟ್ಟು ಮಿಕ್ಕಿದ್ದೆಲ್ಲಾ ನಿಮ್ದೇ ಕಣಪ್ಪ. ಚರ್ಮ ಸುಲೀರಿ, ನಾನ್ಯಾಕೆ ಅಂತ ಕೇಳಾಕಿಲ್ಲ."

ನಮ್ಮ ಕಡೆ ಮಕ್ಕಳನ್ನು ಮೇಷ್ಟ್ರಿಗೆ ಒಪ್ಪಿಸುವಾಗ ಎಲ್ಲರೂ ಹೇಳುವ ಮಾತೇ ಅದು. ನನ್ನನ್ನೂ ನಮ್ಮಪ್ಪ ಇದನ್ನೇ ಹೇಳಿ ಎಸ್ಟೇಟಿನ ಮೇಸ್ತ್ರಿಯ ಕೈಗೆ ಒಪ್ಪಿಸಿದ್ದ. ಕೋಚು ನಕ್ಕ.

"ಇಂಥ ಮನೆಯೋರೇ ನಮಗೆ ಬೇಕಾಗಿರೋದು ಅಜ್ಜಿ."

ನನ್ನ ಕೆಲಸ ಹೇಳಬೇಕು. ಮೂವತ್ತು ವರ್ಷ ಕಾಫಿ ಕೊಯ್ಲಿನ ಹೆಂಗಸರಿಗೆ ನಾನೇ ಮೇಸ್ತ್ರಿ. ಹಣ್ಣಿನ ಜೊತೆ ಕಾಯಿ ಕಿತ್ತವಳ ಚೀಲವನ್ನು ಎಲ್ಲರ ಎದುರಿಗೆ ನೆಲಕ್ಕೆ ಸುರಿಸುತ್ತಿದ್ದೆ. ಅವಳು ಕೂತು ಒಂದೊಂದೇ ಹಸಿರು ಕಾಯಿ ಆರಿಸಬೇಕು, ಉಳಿದವರು ನಿಂತು ನೋಡಬೇಕು. ಎರಡನೇ ಸಲ ಯಾರೂ ತಪ್ಪುತ್ತಿರಲಿಲ್ಲ. ಮೊಮ್ಮಗಳು ರಜೆಯಲ್ಲಿ ಕೊಯ್ಲಿಗೆ ಬಂದಾಗ ಅವಳದ್ದನ್ನೂ ಸುರಿಸಿದ್ದೇನೆ. ಅಳಲಿಲ್ಲ. ಗಟ್ಟಿ ಹುಡುಗಿ ಅಂದುಕೊಂಡೆ.

ಸ್ಕೂಲಿನಲ್ಲಿ ಅವಳಿಗೆ ಆಟ ಕಲಿಸಿದ್ದು ಒಬ್ಬ ಪೀಟಿ ಮೇಡಂ. ಬೈಯುವುದೇ ಇಲ್ಲ. ಬಾಲು ಕಳೆದುಕೊಂಡು ಬಂದರೆ "ಯಾಕೆ ಆ ಕಡೆ ಒದ್ದೆ? ನಿಂಗೇನು ಕಾಣಿಸ್ತು ಹೇಳು" ಎಂದು ಕೇಳುವುದು. ಇವಳು ಅಷ್ಟುದ್ದ ಹೇಳುವುದು, ಮೇಡಂ ಕೇಳಿಸಿಕೊಳ್ಳುವುದು. ಒಂದು ದಿನ ಬೇಲಿಯ ಆಚೆ ನಿಂತು ನೋಡಿ ನಗು ಬಂತು. ಆಡುವುದಕ್ಕಿಂತ ಮಾತೇ ಜಾಸ್ತಿ.

ಕಾಲೇಜಿಗೆ ಸೇರಿಸಿ ತಿಂಗಳಾದ ಮೇಲೆ ರೊಟ್ಟಿ ಕಟ್ಟಿಕೊಂಡು ಹೋದೆ. ಪ್ರಾಕ್ಟೀಸು ನಡೆಯುತ್ತಿತ್ತು. ಒಬ್ಬಳು ಬಾಲು ಬಿಟ್ಟಳು. ಕೋಚು ಸೀಟಿ ಊದಿ ಎಲ್ಲರನ್ನೂ ನಿಲ್ಲಿಸಿದ. ಆ ಹುಡುಗಿ ಒಬ್ಬಳೇ ಫೀಲ್ಡಿನ ಸುತ್ತ ಓಡಬೇಕು, ಉಳಿದವರು ಕೈಕಟ್ಟಿ ನೋಡಬೇಕು.

"ನೋವು, ಸುಸ್ತು ಅನ್ನೋರು ಹೊರಗೆ ಕೂತ್ಕಳಿ. ನಿಮ್ಮ ಜಾಗಕ್ಕೆ ಹತ್ತು ಜನ ಕಾಯ್ತಾವ್ರೆ!"

ಓಡಿದವಳು ಕೆ. ಹೊಸಕೋಟೆ ಕಡೆಯವಳು. ಮುಗಿಸಿ ಬಂದವಳೇ "ಆ ಹತ್ತು ಜನ್ರನ್ನೇ ಆಡ್ಸಿ ಸಾರ್, ನಾನೂ ನೋಡ್ತೀನಿ" ಅಂದಳು. ಅದಕ್ಕೆ ಆಮೇಲೆ ಹದಿನೈದು ದಿನ ಹೊರಗೆ ಕೂರಿಸಿದನಂತೆ. ಅವಳು ಟ್ರಂಕು ಎತ್ತಿಕೊಂಡು ಊರಿಗೆ ಹೋಗಿಬಿಟ್ಟಳಂತೆ.

ಆ ದಿನ ಅವಳ ಮಾತು ಕೇಳಿ "ಕೊಬ್ಬು" ಎಂದೆ ನಾನು. ಮೊಮ್ಮಗಳು ರೊಟ್ಟಿ ತಿನ್ನುತ್ತಿದ್ದಳು. ಬಸ್ಸು ಹತ್ತುವಾಗ ನನಗೆ ಸಮಾಧಾನವೇ ಆಗಿತ್ತು. ಕೆಲಸ ಗೊತ್ತಿರುವ ಗಂಡಸಿನ ಕೈಗೆ ಕೊಟ್ಟಿದ್ದೇನೆ ಅಂದುಕೊಂಡೆ.

ದಸರಾ ರಜೆಗೆ ಬಂದಳು. ಲೈನಿನ ಮುಂದೆ ಆರು ಮೆಟ್ಟಿಲಿವೆ. ಆರಕ್ಕೂ ಎಡಗಾಲನ್ನೇ ಮೊದಲು ಇಟ್ಟು ಹತ್ತಿದಳು. ಇಳಿಜಾರಿನಲ್ಲಿ ಮೂಟೆ ಹೊತ್ತವರ ಕಾಲು ನೋಡಿಯೇ ಮುದುಕಿಯಾದವಳು ನಾನು. ಬಲಗಾಲು ನೋಯುತ್ತಿದೆ ಎಂದು ಗೊತ್ತಾಯಿತು.

"ಏನೇ ಕಾಲಿಗೆ?"

"ಏನಿಲ್ಲ ಕಣಜ್ಜಿ."

"ಏನಿಲ್ಲ ಅಂದ್ರೆ ನೆಟ್ಟಗೆ ನಡಿ. ಕುಂಟ್ತಾ ಬಂದ್ರೆ ಟೀಮಲ್ಲಿ ಇಟ್ಕತ್ತಾರಾ?"

ಅವಳು ಕೆಳಗಿಳಿದು ಹೋಗಿ ಮತ್ತೆ ಹತ್ತಿ ಬಂದಳು. ನೆಟ್ಟಗೆ. ಒಂದು ಕಾಲಾದ ಮೇಲೆ ಇನ್ನೊಂದು ಕಾಲು. ಮುಖ ಒಂದು ಚೂರೂ ಕದಲಲಿಲ್ಲ. ಎಣ್ಣೆ ಬಿಸಿ ಮಾಡಿ ಮೊಣಕಾಲಿಗೆ ತಿಕ್ಕಿದೆ. ಮೂರನೇ ದಿನ ವಾಪಸು ಕಳಿಸಿದೆ.

ನವೆಂಬರಿನ ಮ್ಯಾಚಿನಲ್ಲಿ ಬಿದ್ದಳು. ಯಾರೂ ತಳ್ಳಲಿಲ್ಲವಂತೆ, ತಿರುಗಿದಳಂತೆ, ಅಷ್ಟೇ. ನಾನು ಆಸ್ಪತ್ರೆಗೆ ಹೋದಾಗ ಡಾಕ್ಟರು ಸ್ಕ್ಯಾನಿನ ಫೋಟೋ ಎತ್ತಿ ಹಿಡಿದು, ಮೊಣಕಾಲೊಳಗಿನ ಲಿಗಮೆಂಟು ಈಗ ಪೂರ್ತಿ ಹೋಗಿದೆ, ಆದರೆ ಅರ್ಧ ಹರಿದು ಮೂರು ತಿಂಗಳಾದರೂ ಆಗಿದೆ ಎಂದರು. "ಆವಾಗಲೇ ಬಂದು ರೆಸ್ಟ್ ಮಾಡಿದ್ದಿದ್ರೆ ಉಳಿಸ್ಬಹುದಿತ್ತು. ಯಾಕಮ್ಮ ಯಾರಿಗೂ ಹೇಳ್ಲಿಲ್ಲ?"

ಮೊಮ್ಮಗಳು ಗೋಡೆ ಕಡೆ ನೋಡಿದಳು.

ಹೊರಗೆ ಕೋಚು ಬಾಳೆಹಣ್ಣಿನ ಕವರು ಹಿಡಿದು ನಿಂತಿದ್ದ. "ನನಗೊಂದು ಮಾತು ಹೇಳ್ಲಿಲ್ಲ ಅಜ್ಜಿ. ದೇವ್ರಾಣೆ ಗೊತ್ತಿದ್ರೆ ಆಡಿಸ್ತಿರ್ಲಿಲ್ಲ." ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ಅನ್ನಿಸಲಿಲ್ಲ. ಬೈಯೋಣವೆಂದು ಬಾಯಿ ತೆರೆದೆ. ಯಾಕೆ ಅಂತ ಕೇಳುವುದಿಲ್ಲ ಎಂದು ನಾನೇ ಹೇಳಿದ್ದೆನಲ್ಲ. ಬಾಳೆಹಣ್ಣು ಇಸಿದುಕೊಂಡು ಒಳಗೆ ಹೋದೆ.

ಆಪರೇಷನ್ ಮಾಡಿದರು. ಈಗಲೂ ಇಳಿಜಾರಿನಲ್ಲಿ ಪಕ್ಕಕ್ಕೆ ತಿರುಗಿಯೇ ಇಳಿಯುತ್ತಾಳೆ. ಎಸ್ಟೇಟಿನ ಸ್ಟೋರಿನಲ್ಲಿ ಕೂತು ಬೀಜ ಆರಿಸುವ ಕೆಲಸ. ಕೆ. ಹೊಸಕೋಟೆಯವಳು ಬೇರೆ ಕಾಲೇಜಿಗೆ ಸೇರಿ ಇನ್ನೂ ಆಡುತ್ತಿದ್ದಾಳಂತೆ. ಒಳ್ಳೆಯ ಕೋಚು ಸಿಕ್ಕಿರಬೇಕು, ಇಲ್ಲವೇ ಹೇಳಿಕೊಳ್ಳಲು ಬಾಯಿ ಇತ್ತು.

ಆ ವರ್ಷದ ಡಿಸೆಂಬರಿನಲ್ಲೇ ಟೀಮಿನ ಪಟ್ಟಿಯಿಂದ ಮೊಮ್ಮಗಳ ಹೆಸರು ತೆಗೆದರು. ಹಾಸ್ಟೆಲು ಬಿಡಿ ಎಂದರು. ಅವಳನ್ನು ಕರೆದುಕೊಂಡು ಟ್ರಂಕು ತರಲು ನಾನೇ ಹೋದೆ. ವಾಪಸು ಬರುವಾಗ ಸಕಲೇಶಪುರದಲ್ಲಿ ಬಸ್ಸು ಬದಲಾಯಿಸಿ ಕೂತ ಮೇಲೆ ಕೇಳಿದೆ.

"ಆ ಕೋಚಿಗೆ ಹೇಳ್ದೇ ಇದ್ದಿದ್ದು ಸರಿ. ನಂಗಾದ್ರೂ ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ಏನ್ ಮಾಡ್ತಿದ್ದೆ?"

ಬಸ್ಸು ಎರಡು ತಿರುವು ದಾಟಿತು.

"ನೆಟ್ಟಗೆ ನಡಿ ಅಂದೆ. ನಡ್ದೆ" ಎಂದಳು. ಸಿಟ್ಟಿರಲಿಲ್ಲ. ಕಾಲು ಚಾಚಲು ಜಾಗ ಸಾಲದೆ ಟ್ರಂಕನ್ನು ಸ್ವಲ್ಪ ಆ ಕಡೆ ಸರಿಸು ಎಂದಳು. ಸರಿಸಿದೆ.

ಮಾರನೆಯ ಬೆಳಿಗ್ಗೆ ಕೊಯ್ಲಿಗೆ ಹೋದೆ. ಕುಂದೂರು ಕಡೆಯಿಂದ ಹೊಸದಾಗಿ ಮದುವೆಯಾಗಿ ಬಂದವಳೊಬ್ಬಳ ಚೀಲದಲ್ಲಿ ಅರ್ಧಕ್ಕರ್ಧ ಕಾಯಿ. ಎಲ್ಲರೂ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. ನಾನು ಅವಳ ಹತ್ತಿರ ಹೋಗಿ, "ಯಾಕವ್ವ ಕಾಯಿ ಕಿತ್ತೆ? ಹೇಳು" ಎಂದು ಕೇಳಿದೆ. ಅವಳು ನೆಲ ನೋಡಿದಳು. "ಹೇಳೇ, ಬೈಯಾಕಿಲ್ಲ" ಎಂದೆ. ಅವಳು ಸೆರಗಿನ ಅಂಚು ಹಿಡಿದು ಒಂದು ಹೆಜ್ಜೆ ಹಿಂದೆ ಸರಿದಳು. ಹಿಂದಿನಿಂದ ಯಾರೋ "ಇದ್ಯಾವ ಹೊಸಾ ಶಿಕ್ಷೆ ಮಾರಾಯ್ತಿ" ಅಂದರು. ಕಾದೆ. ಬಿಸಿಲು ಏರುತ್ತಿತ್ತು, ಸಾಲು ಅಲ್ಲೇ ನಿಂತಿತ್ತು.

ಚೀಲ ಎತ್ತಿ ನೆಲಕ್ಕೆ ಸುರಿದೆ.