ತೆರೆಯದೆ ಬಲ್ಲವರು
ರೂಬಿ ಭಾಷೆಯಲ್ಲಿ ಪ್ರೋಗ್ರಾಮು ಬರೆಯುವ ಆ ಹಿರಿಯರಿಗೆ ಆಫೀಸಿನವರು ಇಟ್ಟ ಹೆಸರು ಗೊತ್ತಪ್ಪ. ರೂಬಿಯಲ್ಲಿ ಮಾಹಿತಿ ತುಂಬಿಡುವ ಹ್ಯಾಶ್ ಎಂದರೆ ಚೀಟಿ ಅಂಟಿಸಿದ ಡಬ್ಬಿಗಳ ಸಾಲು. ಡಬ್ಬಿಯೊಳಗೆ ಡಬ್ಬಿ ಇದ್ದಾಗ ಒಳಗಿರುವುದು ಅಂಕಿಯೋ, ಪದವೋ, ಇನ್ನೊಂದು ಡಬ್ಬಿಯೋ ಎಂದು ತೆರೆದು ನೋಡಬೇಕು. ಗೊತ್ತಪ್ಪನವರದು ನೋಡುವ ಜಾಯಮಾನವಲ್ಲ. ಒಳಗಿರುವುದು ಅಂದುಕೊಂಡ ಬಗೆಯದಲ್ಲ ಎಂದು ಟೈಪ್ ಎರರ್ ಬಂತೋ, ಕುಣಿಯಲಾರದವರಿಗೆ ನೆಲ ಡೊಂಕು ಎಂಬಂತೆ ರೂಬಿಯನ್ನೇ ಬೈದು, ತಕರಾರು ಮಾಡಿದ ಡಬ್ಬಿಯನ್ನು ದಾಟಿ ಹೋಗುವ ಒಂದು ಸಾಲು ತುರುಕಿ, ಗೆದ್ದ ಗತ್ತಿನಲ್ಲಿ ಕಾಫಿಗೆ ಏಳುತ್ತಾರೆ. “ಒಳಗೇನಿದೆ ಅಂತ ಒಂದ್ಸಲ ಸ್ಕ್ರೀನ್ ಮೇಲೆ ಪ್ರಿಂಟ್ ಮಾಡಿ ನೋಡಿ ಸಾರ್” ಎಂದು ಪಕ್ಕದ ಮೇಜಿನವಳು ಹೇಳಿದರೆ, “ನೋಡೋದೇನು ಬಂತಮ್ಮ, ನಂಗೊತ್ತು” ಎನ್ನುತ್ತಾರೆ. ಮೊನ್ನೆ ಸ್ಟೇಪ್ಲರ್ ಹುಡುಕುತ್ತ ಅವರ ಡ್ರಾಯರ್ ಎಳೆದವಳಿಗೆ ರಕ್ತಪರೀಕ್ಷೆಯ ಲ್ಯಾಬಿನ ಲಕೋಟೆಯೊಂದು ಕಂಡಿತು. ಮೇಲೆ ಅವರದೇ ಹೆಸರು, ಮೂರು ತಿಂಗಳ ಹಿಂದಿನ ತಾರೀಕು. ಅಂಟು ಬಿಚ್ಚಿರಲಿಲ್ಲ, ಬೆರಳಾಡಿಸಿ ಆಡಿಸಿ ಅಂಚು ಮಾತ್ರ ಸವೆದಿತ್ತು.