ಬಚ್ಚಲಲ್ಲಿ ಕದ್ದು ಕುಡಿದ ನೀರು

1979ರಲ್ಲಿ ನಾನು ಕುಷ್ಟಗಿ ತಾಲ್ಲೂಕಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ್ ಆಗಿದ್ದೆ. ನನ್ನ ಬಾಣಂತನದ ರಜೆ ಮುಗಿಸಿ ಬಂದಮೇಲೆ ಒಂದು ದಿನವೂ ಬಿಡುವು ಸಿಕ್ಕಿರಲಿಲ್ಲ. ಬೆಳಿಗ್ಗೆ ನಾನು ಬರುವಷ್ಟರಲ್ಲಿ ರೋಗಿಗಳ ಸಾಲು ಗೇಟು ದಾಟಿರುತ್ತಿತ್ತು.

ಆ ಬೇಸಿಗೆಯಲ್ಲಿ ರೇಣವ್ವ ಎಂಬ ಹತ್ತೊಂಬತ್ತರ ಹುಡುಗಿಗೆ ಹೆರಿಗೆ ಮಾಡಿಸಿ, ಮೂರನೆಯ ದಿನ ಮನೆಗೆ ಕಳಿಸಿದ್ದೆ. ಹತ್ತನೆಯ ದಿನ ಅವಳನ್ನು ಚಕ್ಕಡಿ ಗಾಡಿಯಲ್ಲಿ ಮಲಗಿಸಿಕೊಂಡು ತಾಯಿ ಶಾಂತವ್ವ ಬಂದಳು. ನಾಲ್ಕು ದಿನದಿಂದ ತಲೆನೋವು, ಅಂದು ಎರಡು ಸಲ ಫಿಟ್ಸ್. ಬಲಗೈ, ಬಲಗಾಲಿನಲ್ಲಿ ಶಕ್ತಿಯಿಲ್ಲ. ಬಿ.ಪಿ. ಸರಿಯಿತ್ತು, ಜ್ವರವಿರಲಿಲ್ಲ. ನಾಲಿಗೆ ಮಾತ್ರ ಒಣಗಿ ಬಿರುಕುಬಿಟ್ಟಿತ್ತು.

"ಯವ್ವಾ, ನೀರ ಎಷ್ಟ ಕೊಡ್ತಿದ್ದಿ?" ಎಂದೆ.

"ಹಸೀ ಬಾಣಂತಿಗೆ ಯಾರ್ ನೀರ ಕೊಡ್ತಾರ್ರಿ? ಊಟದಾಗ ಒಂದ್ ಸಣ್ಣ ವಾಟಗಾ ಬಿಸಿನೀರ, ಅಷ್ಟ."

ಹೆರಿಗೆಯ ನಂತರ ಕೆಲವು ವಾರ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಮೈಯಲ್ಲಿ ನೀರೂ ಕಡಿಮೆಯಾದರೆ, ಮಿದುಳಿನಿಂದ ರಕ್ತವನ್ನು ಹೊರಗೊಯ್ಯುವ ವೇನ್‌ಗಳು ಕಟ್ಟಿಕೊಳ್ಳಬಹುದು. ಇದೇ ಸೆರೆಬ್ರಲ್ ವೀನಸ್ ಥ್ರಾಂಬೋಸಿಸ್. ಕೆಲವರು ಪೂರ್ತಿ ಗುಣವಾಗುತ್ತಾರೆ, ಕೆಲವರು ಸಾಯುತ್ತಾರೆ. ಸ್ಕ್ಯಾನ್ ಎಂಬುದನ್ನು ಆಗ ನಾವು ಕಂಡಿರಲಿಲ್ಲ. ಸಂಶಯದ ಮೇಲೆಯೇ ಡ್ರಿಪ್ ಹಚ್ಚಿ, ಫಿಟ್ಸ್ ನಿಲ್ಲಿಸುವ ಇಂಜೆಕ್ಷನ್ ಕೊಟ್ಟು, ಹುಬ್ಬಳ್ಳಿಗೆ ಕಳಿಸಲು ಜೀಪು ತರಲು ಹೇಳಿದೆ.

ಕಾಯುತ್ತ ಕಾಯುತ್ತ ಸಿಟ್ಟು ನೆತ್ತಿಗೇರಿತು. "ಮಗಳ್ನ ನೀನ ಒಣಗಿಸಿದೆಲ್ಲ!" ಎಂದು ಚೀರಿದೆ.

ಶಾಂತವ್ವ ಅಳಲಿಲ್ಲ. "ನೀವೂ ಹಡದೀರೆಲ್ರಿ ಡಾಕ್ಟರಮ್ಮಾರ. ನಿಮ್ಮವ್ವ ನಿಮಗ ಕೊಟ್ಟಿದ್ಲೇನು?"

ನನಗೂ ಕೊಟ್ಟಿರಲಿಲ್ಲ. ಗಂಗಾವತಿಯ ತವರಿನಲ್ಲಿ ಅವ್ವನ ಮಾತು ಮೀರುವ ಧೈರ್ಯವಿಲ್ಲದೆ, ಸ್ನಾನದ ನೆಪದಲ್ಲಿ ಬಚ್ಚಲಿನ ಬಾಗಿಲು ಹಾಕಿಕೊಂಡು ತಂಬಿಗೆಗಟ್ಟಲೆ ನೀರು ಕುಡಿದಿದ್ದೆ. ಕಲಿತವಳು, ಕದ್ದು ಕುಡಿದು ಪಾರಾದೆ. ಆದರೆ ರೇಣವ್ವನಿಗೆ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುವಾಗ ನೀರಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಹುಬ್ಬಳ್ಳಿಯ ವೈದ್ಯರೂ ಅದೇ ರೋಗವೆಂದರು. ರೇಣವ್ವ ಉಳಿದಳು. ಆರು ತಿಂಗಳ ನಂತರ ಕೂಸನ್ನು ಎಡಗೈಯಲ್ಲಿ ಎತ್ತಿಕೊಂಡು ಬಂದಳು. ಬಲಗೈ ಬೆರಳುಗಳು ಮಡಚಿಕೊಂಡೇ ಇದ್ದವು.

"ಜೀವ ಉಳೀತಲ್ರಿ, ಛಲೋ ಆತು" ಎಂದಳು. ನನಗೆ ಛಲೋ ಅನ್ನಿಸಲಿಲ್ಲ.

ತಿಳಿದದ್ದನ್ನು ಬಾಯಿಬಿಟ್ಟು ಹೇಳುವುದೂ ಚಿಕಿತ್ಸೆಯೇ ಎಂದು ಕಲಿಯಲು ಅವಳ ಕೈ ಹೋಗಬೇಕಾಯಿತು. ಆಮೇಲೆ ನಿವೃತ್ತಿಯವರೆಗೂ ಪ್ರತಿ ಬಾಣಂತಿಯ ತಾಯಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದೆ: "ನಾ ಡಾಕ್ಟರ್ ಆಗಿ ಬಚ್ಚಲದಾಗ ಕದ್ದು ನೀರ ಕುಡದಾಕಿ. ನಿನ್ನ ಮಗಳಿಗೆ ಆ ಗತಿ ತರಬ್ಯಾಡ." ರಕ್ತ, ವೇನ್ ಎಂದಾಗ ಸುಮ್ಮನೆ ತಲೆಯಾಡಿಸುತ್ತಿದ್ದ ಹೆಂಗಸರು ಇದಕ್ಕೆ ನಕ್ಕು, ಅಲ್ಲೇ ಮಗಳಿಗೆ ಚರಿಗೆ ತುಂಬ ನೀರು ತರುತ್ತಿದ್ದರು.

ನನ್ನ ಅವ್ವನಿಗೆ ಮಾತ್ರ ಹಾಗೆ ಕದ್ದು ಕುಡಿದದ್ದನ್ನು ಹೇಳಲು ಕೊನೆಯವರೆಗೂ ಬಾಯಿ ಬರಲಿಲ್ಲ.