ದ್ರಾಕ್ಷಿ ಚಪ್ಪರದ ಲಾಟೀನುಗಳು

ಆ ಬೇಲಿ ಕಿತ್ತು ಮನೆ ಹಿಂದಿನ ಬಂಗಲೆಯವರಿಗೆ ದಾರಿ ಬಿಟ್ಟರೆ ನಮ್ಮ ಗಂಟೇನು ಹೋಗುತ್ತದೆ ಎಂದು ನೀವು ಕೇಳುತ್ತಿರುತ್ತೀರಿ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

ಎಪ್ಪತ್ತರ ದಶಕದಲ್ಲಿ ಯಲಹಂಕದ ಈ ಬದಿಯಲ್ಲಿ ನಮಗೆ ದ್ರಾಕ್ಷಿ ತೋಟವಿತ್ತು. ಹಣ್ಣು ಬಣ್ಣ ತಿರುಗಿದರೆ ಸಾಕು, ಬಾವಲಿಗಳು ಮುಗಿಬೀಳುತ್ತಿದ್ದವು. ಬೆಳಕಿಗೆ ಅವು ಹೆದರುತ್ತವೆಂದು ಚಪ್ಪರದ ಎರಡೂ ಅಂಚಿಗೆ ಸಾಲಾಗಿ ಲಾಟೀನು ಕಟ್ಟುತ್ತಿದ್ದೆವು. ಬೂದಿ ಹಾಕಿ ಗಾಜು ಉಜ್ಜುವುದು ನನ್ನ ಕೆಲಸ, ಹತ್ತಿಸಿ ಕಟ್ಟುವುದು ನಿಮ್ಮ ತಾತನದು.

ತೋಟದಾಚೆ ಸಣ್ಣ ವಿಮಾನಗಳು ಇಳಿಯುವ ಮೈದಾನವಿತ್ತು. ಅಲ್ಲಿ ದೀಪವಿರಲಿಲ್ಲ, ಕತ್ತಲಾದ ಮೇಲೆ ಯಾರೂ ಇಳಿಯುತ್ತಿರಲಿಲ್ಲ. ಒಂದು ರಾತ್ರಿ ಉಣ್ಣಲು ಕೂತಿದ್ದಾಗ ವಿಮಾನದ ಸದ್ದು ಮನೆಯ ಮೇಲೆಯೇ ಸುತ್ತತೊಡಗಿತು. ದೂರ ಹೋಗಿ ಮತ್ತೆ ಬಂತು. ಆಮೇಲೆ ಕಲ್ಲುಕಂಬಗಳು ಮುರಿದ ಸದ್ದು. ಓಡಿಹೋಗಿ ನೋಡಿದರೆ, ಒಂದು ರೆಕ್ಕೆ ಕಳಚಿದ ವಿಮಾನ ನಮ್ಮ ಚಪ್ಪರದ ತಂತಿಗೆ ಸಿಕ್ಕಿಕೊಂಡಿತ್ತು. ಒಳಗಿದ್ದವನು ಒಬ್ಬನೇ, ಅದರ ಯಜಮಾನ. ನಿಮ್ಮ ತಾತ ಅವನನ್ನು ಹೊರಗೆಳೆದು ಮಲಗಿಸಿ ಗಾಡಿ ಹೂಡಲು ಓಡಿದರು. ನಾನು ಬಾಯಿಗೆ ನೀರು ಬಿಟ್ಟೆ.

"ಎರಡು ಸಾಲು ನೋಡಿ, ಇಳಿಯೋಕೆ ನಂಗೋಸ್ಕರ ದೀಪ ಇಟ್ಟಿದಾರೆ ಅಂದ್ಕೊಂಡೆ. ನಂದೇ ತಪ್ಪು ಕಣಮ್ಮಾ, ಕತ್ತಲಲ್ಲಿ ಇಳೀಬಾರ್ದಿತ್ತು" ಎಂದ.

ಕೇಳಿಸಿಕೊಂಡವಳು ನಾನೊಬ್ಬಳೇ.

ಆಸ್ಪತ್ರೆ ಸೇರಿದ ಮೇಲೆ ಮಾತು ತಿರುಗಿಸಿದ. ಬೇಕೆಂದೇ ದೀಪ ಹಚ್ಚಿ ದಾರಿ ತಪ್ಪಿಸಿದರೆಂದು ದೂರು ಕೊಟ್ಟ. ಪೊಲೀಸರು ಬಂದು ಲಾಟೀನುಗಳನ್ನೆಲ್ಲ ಬಿದಿರ ಗಳಕ್ಕೆ ಕಟ್ಟಿಸಿ, ಅದನ್ನು ನಿಮ್ಮ ತಾತನ ಹೆಗಲಿಗೇ ಹೊರಿಸಿ, ಊರ ಬೀದಿಯಲ್ಲಿ ಠಾಣೆಯವರೆಗೆ ನಡೆಸಿದರು. ಬಾಗಿಲ ಹಿಂದೆ ನಿಂತು ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಜೆಗೆ ಇವರನ್ನು ಬಿಟ್ಟರು, ಲಾಟೀನು ಕೊಡಲಿಲ್ಲ. ಆ ಸಲದ ಬೆಳೆ ಬಾವಲಿಗಳ ಪಾಲಾಯಿತು.

ಟೀ ಅಂಗಡಿಗೆ ಹೋದರೆ, "ಏನಣ್ಣೋ, ಇವತ್ ಯಾವ್ ಇಮಾನ ಇಳಿಸ್ತೀಯ?" ಎಂದು ನಗುತ್ತಿದ್ದರು. ಇವರು ಅಂಗಡಿಗೆ ಹೋಗುವುದನ್ನೇ ಬಿಟ್ಟರು. ಬಳ್ಳಿ ಕಿತ್ತು ರಾಗಿ ಹಾಕಿದರು. ಎದೆನೋವಿನಲ್ಲಿ ಹೋಗುವ ತನಕ ಲಾಟೀನು ಮುಟ್ಟಲಿಲ್ಲ. ಕರೆಂಟ್ ಹೋದರೆ ಕತ್ತಲಲ್ಲೇ ಉಣ್ಣುತ್ತಿದ್ದರು. ಎದುರಿಗೆ ಕೂತು ನಾನೂ ಕತ್ತಲಲ್ಲೇ ಬಡಿಸುತ್ತಿದ್ದೆ. ಬಡಿಸುವಾಗೆಲ್ಲ ವಿಮಾನದ ಆ ಮನುಷ್ಯನನ್ನು ನೆನೆಯುತ್ತಿದ್ದೆ.

ಇವರು ಹೋದ ಮೇಲೆ, ಎಂಬತ್ತರ ದಶಕದಲ್ಲಿ, ಅದೇ ಮನುಷ್ಯ ನಮ್ಮ ಮನೆ ಹಿಂದಿನ ಜಮೀನು ಕೊಂಡು ಬಂಗಲೆ ಕಟ್ಟಿಸಿದ. ಅವನ ಕಾರು ನೆಟ್ಟಗೆ ರಸ್ತೆಗೆ ಬರಬೇಕಾದರೆ ನಮ್ಮ ನೆಲದ ಅಂಚು ಬೇಕು, ಇಲ್ಲದಿದ್ದರೆ ಕೆರೆ ಏರಿ ಸುತ್ತಬೇಕು. ದಾರಿ ಕೇಳಲು ಊರ ಹಿರಿಯರನ್ನು ಕಟ್ಟಿಕೊಂಡು, ಕೋಲೂರಿಕೊಂಡು ಬಂದ. ಟೀ ಅಂಗಡಿಯವನೂ ಅವರ ಜೊತೆಗಿದ್ದ. ನಾನು ಮೊದಲ ಬಾರಿಗೆ ಹೊಸ್ತಿಲು ದಾಟಿ ಗಂಡಸರ ಎದುರು ನಿಂತೆ.

"ಅವತ್ ರಾತ್ರಿ ನೀರು ಕುಡ್ದು ನನ್ ಹತ್ರ ಏನಂದ್ರಿ? ಮೊದ್ಲು ಅದನ್ನ ಇವರ ಮುಂದೆ ಹೇಳಿ" ಎಂದೆ.

ಹಿರಿಯರು ಅವನನ್ನೇ ನೋಡುತ್ತಿದ್ದರು. ಕೊನೆಗೆ, ತಪ್ಪು ತನ್ನದೇ ಎಂದು ಹೇಳಿದ. ಅವರಲ್ಲೊಬ್ಬರಿಗೆ ಕಿವಿ ಮಂದ, ಏನಂತೆ ಎಂದು ಕೇಳಿದರು. ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕಾಯಿತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಇನ್ನು ದಾರಿ ವಿಚಾರ..." ಎಂದ.

"ಕೊಡ್ತೀನಿ ಅಂತ ನಾನಂದ್ನಾ ಸ್ವಾಮಿ?" ಎಂದು ಕೇಳಿ ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಅಂದೇ ಹೊಸ ಲಾಟೀನು ತರಿಸಿ, ಗಾಜು ಉಜ್ಜಿ ಬೇಲಿಯ ಕಂಬಕ್ಕೆ ಕಟ್ಟಿದೆ. ಕೆರೆ ಏರಿ ಸುತ್ತಿ ಮನೆಗೆ ಹೋಗುವವನಿಗೆ ಅದು ಚೆನ್ನಾಗಿ ಕಾಣುತ್ತಿತ್ತು. ಅವನು ಸಾಯುವವರೆಗೂ ಒಂದು ಸಂಜೆಯೂ ತಪ್ಪಿಸದೆ ಹಚ್ಚಿದೆ. ಈಗ ಅವನ ಮಕ್ಕಳು ನಿಮ್ಮನ್ನು ಕೇಳುತ್ತಿದ್ದಾರೆ. ಅವರೂ ಸುತ್ತಿಕೊಂಡೇ ಹೋಗಲಿ.